ಕಮಾನಿಗೆ ಹಚ್ಚಿದ ಸೋಪು

ಅಪ್ಪ ದನಿ ಎತ್ತಿ ಮಾತಾಡಿದ್ದನ್ನು ನಾನು ಚಿಕ್ಕವನಿದ್ದಾಗ ಕೇಳಿದ್ದು ಒಂದೇ ಸಲ. ಅದೂ ಮನೆಯಲ್ಲಲ್ಲ, ಜನ ತುಂಬಿದ ಹಾಲ್‌ನಲ್ಲಿ, ಇಂಗ್ಲಿಷಿನಲ್ಲಿ. ಆ ದಿನ ನೆನಪಾದರೆ ಈ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಗುತ್ತದೆ. ಮಕ್ಕಳಿಗೆ ಕಥೆ ಹೇಳುವಾಗ ಸಿಟ್ಟು ಮಾಡಿಕೊಳ್ಳಬೇಡಿ ಅಂತ ನಿಮ್ಮಮ್ಮ ನನಗೆ ಆಗಾಗ ಹೇಳುತ್ತಿರುತ್ತಾಳೆ. ಇದೊಂದು ಕಥೆಯಲ್ಲಿ ಅದು ನನ್ನಿಂದ ಆಗುವ ಮಾತಲ್ಲ.

ಆಗ ನಾವು ಇಂಗ್ಲಿಷರ ನಾಡಿನಲ್ಲಿ, ಟೂಟಿಂಗ್‌ನಲ್ಲಿದ್ದೆವು. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲು. ಗೋಡೆ ಎಷ್ಟು ತೆಳುವೆಂದರೆ ಈ ಕಡೆ ಸೀನಿದರೆ ಆ ಕಡೆಯವರು ಒಳ್ಳೆಯದಾಗಲಿ ಅನ್ನುತ್ತಿದ್ದರು. ಅಪ್ಪ ಕುಂದಾಪುರದ ಕಡೆಯವರು, ಹತ್ತಿರದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದರು. ಮನೆಗೆ ಬಂದಾಗ ಅವರ ಕೋಟಿನಿಂದ ಇಂಗು, ಕಾದ ಎಣ್ಣೆ, ಹೊರಗಿನ ಚಳಿ ಮೂರೂ ಒಟ್ಟಿಗೆ ವಾಸನೆ ಬರುತ್ತಿತ್ತು. ಯಾರು ಏನೇ ಅಂದರೂ ತಲೆ ತಗ್ಗಿಸಿ "ಸಾರಿ" ಅಂದು ಮುಂದೆ ಹೋಗುವ ಮನುಷ್ಯ. ಬಸ್ಸಿನಲ್ಲಿ ಬೇರೆಯವರು ಅವರ ಕಾಲು ತುಳಿದರೂ ಸಾರಿ ಹೇಳುತ್ತಿದ್ದವರು ಅವರೇ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವಳು ಊರಿಂದ ಬರುವಾಗ ಹಳೇ ಸೀರೆಯಲ್ಲಿ ಸುತ್ತಿ ತಂದಿದ್ದ ಒಂದೇ ಬೆಲೆಬಾಳುವ ವಸ್ತು ಅಂದರೆ ಅವಳ ಪಿಟೀಲು. ಅದನ್ನು ಅವಳು ಅಕ್ಕನಿಗೆ ಕಲಿಸುತ್ತಿದ್ದಳು.

ಪಿಟೀಲನ್ನು ನಮ್ಮವರು ಹೇಗೆ ನುಡಿಸುತ್ತಾರೆ ಅಂತ ನೀವು ನೋಡಿದ್ದೀರಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ, ಪಿಟೀಲಿನ ತಲೆಯನ್ನು ಪಾದದ ಹತ್ತಿರ ಊರಿ, ಇನ್ನೊಂದು ತುದಿಯನ್ನು ಎದೆಗೆ ಆನಿಸಿಕೊಳ್ಳಬೇಕು. ಕಮಾನಿಗೆ ರಾಳ ಉಜ್ಜಿದರೆ ಬಿಳೀ ಪುಡಿ ಏಳುತ್ತದೆ. ಆ ರಾಳ ಇಲ್ಲದಿದ್ದರೆ ಕಮಾನಿನ ಕೂದಲು ತಂತಿಯನ್ನು ಹಿಡಿಯುವುದೇ ಇಲ್ಲ, ಸುಮ್ಮನೆ ಜಾರುತ್ತದೆ. ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಇಡೀ ಜಗಳ ಇದರ ಮೇಲೇ ಆದದ್ದು.

ಒಂದು ಭಾನುವಾರ ಅಕ್ಕ ಸರಳೆ ವರಸೆ ಮುಗಿಸುವಷ್ಟರಲ್ಲಿ ಗೋಡೆಯ ಆ ಕಡೆಯಿಂದ ಅದೇ ಸ್ವರಗಳು ಇನ್ನೊಂದು ಪಿಟೀಲಿನಲ್ಲಿ ಕೇಳಿಸಿದವು. ಆಮೇಲೆ ಅವು ಕುಣಿಯತೊಡಗಿದವು. ಪಕ್ಕದ ಮನೆಯಲ್ಲಿ ಒಬ್ಬ ಐರಿಷ್ ಅಜ್ಜಿ ಇದ್ದಳು, ನಾವು ಅವಳನ್ನು ಬರಿಯ 'ಅಜ್ಜಿ' ಅಂತಲೇ ಕರೆಯುತ್ತಿದ್ದೆವು. ಅವಳಿಗೆ ಅದು ತನ್ನ ಹೆಸರಿಗಿಂತ ಇಷ್ಟವಾಗಿತ್ತು. ಅಕ್ಕನನ್ನು ಕರೆಸಿಕೊಂಡು, ಅವಳು ನೆಲದ ಮೇಲೆ ಕೂತು ನುಡಿಸುವುದನ್ನು ನೋಡಿ, "ನಮ್ಮೂರಿನಲ್ಲೂ ಎದೆಗೆ ಆನಿಸಿಕೊಂಡು ನುಡಿಸುವ ಮುದುಕರಿದ್ದರು, ಕಾಲಿನ ಹತ್ತಿರ ಇಟ್ಟವರನ್ನು ಇವತ್ತೇ ನೋಡಿದ್ದು" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದು ಬೇಸರವಾಗುವಂಥ ನಗು ಆಗಿರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ನಾವು ಅಜ್ಜಿಯ ಅಡುಗೆಮನೆಯಲ್ಲಿರುತ್ತಿದ್ದೆವು. ಒದ್ದೆ ಕೋಟುಗಳ ವಾಸನೆ, ಕಪ್ಪಗೆ ಕುದಿಸಿದ ಟೀ, ಆಗಷ್ಟೇ ಒಲೆಯಿಂದ ತೆಗೆದ ದಪ್ಪ ಬ್ರೆಡ್ಡು. ಕಟ್ಟಡ ಕೆಲಸದವರು, ನರ್ಸುಗಳು, ಒಬ್ಬ ಬಸ್ ಡ್ರೈವರ್ ಬರುತ್ತಿದ್ದರು. ಒಬ್ಬರ ಜೇಬಿನಿಂದ ತಗಡಿನ ಕೊಳಲು ಹೊರಬರುತ್ತಿತ್ತು. ಇನ್ನೊಬ್ಬರ ಕೈಯಲ್ಲಿ ಕನ್ಸರ್ಟೀನಾ, ಅಂದರೆ ಎರಡು ಅಂಗೈ ನಡುವೆ ಹಿಗ್ಗಿ ಕುಗ್ಗುವ ಪುಟ್ಟ ಹಾರ್ಮೋನಿಯಂ. ಮೂಲೆಯಲ್ಲಿ ಬೌರಾನ್, ಮರದ ಬಳೆಗೆ ಆಡಿನ ಚರ್ಮ ಬಿಗಿದದ್ದು, ನಮ್ಮ ತಮಟೆಯ ದೂರದ ನೆಂಟ. ಎಲ್ಲರೂ ಸುತ್ತ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುತ್ತಿದ್ದರು. ಕೇಳುವವರ ಕಡೆಗೆ ಬೆನ್ನಿದ್ದರೂ ಯಾರಿಗೂ ಅದು ತಪ್ಪೆನಿಸುತ್ತಿರಲಿಲ್ಲ.

ಅಜ್ಜಿ ಕಾಗದ ನೋಡಿ ಕಲಿಸಿದವಳಲ್ಲ. "ಡಿಡ್ಲಿ ಡಮ್ ಡಿಡ್ಲಿ ಡಮ್" ಅಂತ ಬಾಯಲ್ಲೇ ಹಾಡಿ ತೋರಿಸುತ್ತಿದ್ದಳು. ಅಕ್ಕ ಅಮ್ಮನ ಶ್ರುತಿ ಬಿಚ್ಚಿ ತಂತಿಗಳನ್ನು ಅಜ್ಜಿಯ ಶ್ರುತಿಗೆ ಬಿಗಿದುಕೊಂಡು, ಕೂತಲ್ಲೇ ಹಿಡಿದುಬಿಡುತ್ತಿದ್ದಳು. ಅವರ ಜಿಗ್ ಅನ್ನುವ ನಡೆ ನಮ್ಮ ತಕಿಟ ತಕಿಟ. ಗೋಡೆಯ ಈಚೆ ಪಾತ್ರೆ ತೊಳೆಯುತ್ತಿದ್ದ ಅಮ್ಮ ಅಲ್ಲಿಂದಲೇ ತಾಳ ಹಾಕುವುದು ನಮಗೆ ಕೇಳಿಸುತ್ತಿತ್ತು.

ಆ ವರ್ಷ ಮಾರ್ಚ್‌ನಲ್ಲಿ, ಐರಿಷರ ಹಬ್ಬದ ವಾರ, ಒಂದು ದೊಡ್ಡ ಹಾಲ್‌ನಲ್ಲಿ ಕಾರ್ಯಕ್ರಮ ಇಟ್ಟರು. ಅಡುಗೆಮನೆಯ ಸಂಗೀತ ಈಗ ಸ್ಟೇಜಿಗೆ ಬರಬೇಕು, ದೀಪ, ಪರದೆ, ಮೈಕು ಎಲ್ಲ ಇರಬೇಕು ಅಂತ. ಅದನ್ನು ನೋಡಿಕೊಳ್ಳಲು ಎಲ್ಲಿಂದಲೋ ಒಬ್ಬ ಬಂದ. ಮಖಮಲ್ಲಿನ ಕೋಟು, ಕೈಯಲ್ಲಿ ಯಾವಾಗಲೂ ಒಂದು ಉರಿಯದ ಸಿಗರೇಟು. ಅಜ್ಜಿ ಹಿರಿಯಳೆಂದು ಎರಡನೇ ಭಾಗದಲ್ಲಿ ಅವಳೊಬ್ಬಳದೇ ನುಡಿಸುವಿಕೆ ಇಟ್ಟಿದ್ದರು. ಮೊದಲ ಭಾಗದಲ್ಲಿ ಪಿಟೀಲು ಹಿಡಿದ ಹುಡುಗಿಯರ ಸಾಲು. ಅಕ್ಕನ ಹೆಸರನ್ನು ಅಜ್ಜಿಯೇ ಕೊಟ್ಟಳು.

"ನೆಲದ ಮೇಲೆ ಕೂರೋದೆಲ್ಲ ಆಗೋದಿಲ್ಲ. ಸಾಲಿನಲ್ಲಿ ಎಲ್ಲರೂ ಒಂದೇ ಥರ ಕಾಣಬೇಕು. ಹಾವಾಡಿಸುವವರ ಆಟ ಅಂದುಕೊಂಡಾರು ಜನ," ಅಂದ ಆ ಮನುಷ್ಯ. ಅಕ್ಕನ ಎದುರಿಗೇ ಅಂದ. ಅವಳು ನುಡಿಸಿದ್ದನ್ನು ಒಂದು ಸಲವೂ ಕೇಳಿರಲಿಲ್ಲ.

ಅಜ್ಜಿಯ ಮೂಗು ಕೆಂಪಾಯಿತು. ಆದರೆ ಅಕ್ಕನೇ, "ಪರವಾಗಿಲ್ಲ, ನಿಂತು ನುಡಿಸೋದು ಕಲೀತೀನಿ" ಅಂದಳು. ಕಲಿತಳು ಕೂಡ. ವಾರಗಟ್ಟಲೆ ಶಾಲೆಯಿಂದ ಬಂದವಳೇ ಚೀಲ ಎಸೆದು ಪಿಟೀಲನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದಳು. ಮೊದಮೊದಲು ಅದು ಜಾರಿ ಬೀಳುತ್ತಿತ್ತು, ನಾನು ಕೆಳಗೆ ದಿಂಬು ಹಿಡಿದು ನಿಂತಿರುತ್ತಿದ್ದೆ. ಕತ್ತಿನಲ್ಲಿ ಕೆಂಪು ಗಾಯವಾಯಿತು. ಅಮ್ಮ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, "ಯಾಕೆ ಬೇಕಿತ್ತು ಈ ಸರ್ಕಸ್" ಅಂತ ಗೊಣಗುತ್ತಿದ್ದಳು. ಹಬ್ಬ ಹತ್ತಿರ ಬರುವಷ್ಟರಲ್ಲಿ ಅಕ್ಕ ನಿಂತುಕೊಂಡೇ ರೀಲ್ ಅನ್ನುವ ಅವರ ವೇಗದ ಕುಣಿತದ ಹಾಡನ್ನು ಇಡಿಯಾಗಿ ತಪ್ಪಿಲ್ಲದೆ ನುಡಿಸುತ್ತಿದ್ದಳು.

ಶನಿವಾರ ಮಧ್ಯಾಹ್ನ ಕಾರ್ಯಕ್ರಮ. ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ, ಬರಲಾಗಲಿಲ್ಲ. ಅಪ್ಪ ಹೋಟೆಲಿಗೆ ರಜೆ ಹಾಕಿ, ಮದುವೆಗಳಿಗೆ ಮಾತ್ರ ಹಾಕುತ್ತಿದ್ದ ಸೂಟು ಹಾಕಿದರು. ಅಕ್ಕನ ಎರಡು ಜಡೆಗೆ ಅಜ್ಜಿ ಹಸಿರು ರಿಬ್ಬನ್ ಕಟ್ಟಿದಳು. ನಾನು, ಅಪ್ಪ, ಅಜ್ಜಿ ಮುಂದಿನಿಂದ ಎರಡನೇ ಸಾಲಿನಲ್ಲಿ ಕೂತೆವು. ಅಜ್ಜಿಯ ಪಿಟೀಲಿನ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ಹಾಲ್ ತುಂಬ ಹೊಸ ಬಣ್ಣದ, ಸೆಂಟಿನ, ಕಿತ್ತಳೆ ಸಿಪ್ಪೆಯ ವಾಸನೆ.

ಪರದೆ ಎದ್ದಿತು. ಹಸಿರು ಪಟ್ಟಿ ತೊಟ್ಟ ಹುಡುಗಿಯರ ಸಾಲು, ಕೊನೆಯಲ್ಲಿ ಅಕ್ಕ. ಸ್ಟೇಜಿನ ಒಂದು ಪಕ್ಕದಲ್ಲಿ ಸೂಟು ಹಾಕಿದ ದೊಡ್ಡ ವಾದ್ಯಗಾರರು, ಮೈಕುಗಳೆಲ್ಲ ಅವರ ಮುಂದೆಯೇ. ರೀಲ್ ಶುರುವಾಯಿತು. ಎಲ್ಲ ಕಮಾನುಗಳೂ ಒಟ್ಟಿಗೆ ಏಳುತ್ತಿದ್ದವು, ಇಳಿಯುತ್ತಿದ್ದವು. ಜನ ಕಾಲು ತಟ್ಟತೊಡಗಿದರು. ಅಪ್ಪ ನಗುತ್ತಾ ನನ್ನ ಮಂಡಿ ಒತ್ತಿದರು.

ನಾನು ಮಾತ್ರ ಅಕ್ಕನ ಮುಖ ನೋಡುತ್ತಿದ್ದೆ. ಅವಳ ಕೈ ಓಡುತ್ತಿತ್ತು, ಆದರೆ ಕಣ್ಣು ಕಮಾನಿನ ಮೇಲೇ ನೆಟ್ಟಿತ್ತು. ಒಮ್ಮೆ ಅದನ್ನು ತಂತಿಗೆ ಜೋರಾಗಿ ಒತ್ತಿದಳು. ಕಮಾನು ಸರ್ರನೆ ಜಾರಿ ಅವಳ ಭುಜದ ಕಡೆಗೆ ಹೋಯಿತು. ಅವಳು ಅಜ್ಜಿಯ ಕಡೆಗೆ ನೋಡಿದಳು. ಬಾಯಿ ಸ್ವಲ್ಪ ತೆರೆದಿತ್ತು. ಈಜಲು ಗೊತ್ತಿದ್ದವರು ಇದ್ದಕ್ಕಿದ್ದಂತೆ ಮುಳುಗತೊಡಗಿದರೆ ಹಾಗೆ ನೋಡುತ್ತಾರೇನೋ.

ಅಜ್ಜಿ ಕುರ್ಚಿಯ ತುದಿಗೆ ಬಂದಳು. "ಸೋಪು ಹಚ್ಚಿದ್ದಾನೆ," ಅಂದಳು. "ಆ ದರಿದ್ರದವನು ಮಗುವಿನ ಕಮಾನಿಗೆ ಸೋಪು ಹಚ್ಚಿದ್ದಾನೆ!"

ಅಪ್ಪನಿಗೆ ಅರ್ಥವಾಗಲಿಲ್ಲ. ಸೋಪಿಗೂ ಸಂಗೀತಕ್ಕೂ ಎಲ್ಲಿಯ ಸಂಬಂಧ? ಅಜ್ಜಿ ಪಿಸುಗುಟ್ಟಿ ವಿವರಿಸಿದಳು. ಅವಳು ಹುಡುಗಿಯಾಗಿದ್ದಾಗ ಡಾನ್ಸ್ ಹಾಲ್‌ಗಳಲ್ಲಿ ನಡೆಯುತ್ತಿದ್ದ ಮೋಸವಂತೆ ಅದು. ಸ್ಟೇಜ್ ತುಂಬಿ ಕಾಣಲಿ ಅಂತ ನುಡಿಸಲು ಬಾರದವರನ್ನೂ ಸಾಲಿನಲ್ಲಿ ನಿಲ್ಲಿಸಿ, ಅವರ ಕಮಾನಿಗೆ ಸೋಪು ಉಜ್ಜಿಬಿಡುತ್ತಿದ್ದರು. ಕೈ ಆಡುತ್ತದೆ, ಸದ್ದು ಬರುವುದಿಲ್ಲ. ಆದರೆ ಅವರಿಗೆಲ್ಲ ಅದು ಮೊದಲೇ ಗೊತ್ತಿರುತ್ತಿತ್ತು. ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಅಕ್ಕನೇ ಹೇಳಿದಳು, ಪರದೆ ಏಳುವ ಮೊದಲು ಆ ಮನುಷ್ಯ "ಕೊಡು, ಬಿಗಿಮಾಡಿ ಕೊಡ್ತೀನಿ" ಅಂತ ಕಮಾನು ಇಸಿದುಕೊಂಡು ಹೋಗಿದ್ದನಂತೆ.

ರೀಲ್ ಮುಗಿಯಿತು. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಹೊತ್ತಿಗೆ ಅಪ್ಪ ಎದ್ದು ನಿಂತಿದ್ದರು.

"ಎಕ್ಸ್‌ಕ್ಯೂಸ್ ಮಿ!" ಅಂದರು. ಸಿಟ್ಟಿನಲ್ಲೂ ಮೊದಲು ಎಕ್ಸ್‌ಕ್ಯೂಸ್ ಮಿ. ಆಮೇಲೆ ಇಡೀ ಹಾಲ್‌ಗೆ ಕೇಳುವಂತೆ, "ಹೂ ಪುಟ್ ಸೋಪ್ ಆನ್ ಮೈ ಡಾಟರ್ಸ್ ಬೋ?"

ಜನ ನಕ್ಕರು ಮಕ್ಕಳೇ. ಇದೂ ಕಾರ್ಯಕ್ರಮದ ಒಂದು ತಮಾಷೆ ಅಂದುಕೊಂಡರೋ, ಅಪ್ಪನ ಇಂಗ್ಲಿಷಿಗೆ ನಕ್ಕರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಪರದೆ ಬೇಗಬೇಗ ಇಳಿಯಿತು. ಅಪ್ಪ ಇನ್ನೂ ನಿಂತೇ ಇದ್ದರು.

ನಾವು ಮೂವರೂ ಪರದೆಯ ಹಿಂದಕ್ಕೆ ಹೋದೆವು. ಅಕ್ಕ ಒಂದು ಮೂಲೆಯಲ್ಲಿ ಕಮಾನಿನ ಕೂದಲನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಬೆರಳು ಮೂಸಿ ನೋಡಿ ನಮ್ಮ ಕಡೆ ತಿರುಗಿದಳು.

"ಎಂತ ಆಯ್ತ್ ಮಗಾ?" ಅಪ್ಪ ಕೇಳಿದರು. ಬೇಸರವಾದಾಗ ಅವರಿಗೆ ಊರ ಮಾತೇ ಬರುತ್ತಿತ್ತು.

"ನನ್ನ ಕೈಗೇ ಏನೋ ಆಯ್ತು ಅಂದ್ಕೊಂಡೆ ಅಪ್ಪ," ಅಂದಳು ಅಕ್ಕ. "ಎಲ್ಲಾ ಮರೆತೋಯ್ತು ಅಂದ್ಕೊಂಡೆ."

ಆಗ ಆ ಮಖಮಲ್ಲು ಕೋಟಿನವನು ಬಂದ. ಕೈಯಲ್ಲಿ ಚಾಕಲೇಟ್ ಡಬ್ಬಿ. ಅವನು ಬೈದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ, ಅವನು ನಗುತ್ತಾ ಮಾತಾಡಿದ. "ನೋಡಿ, ನಾನು ಮಾಡಿದ್ದು ಮಗುವಿನ ಒಳ್ಳೇದಕ್ಕೆ. ನಿಂತು ನುಡಿಸಲು ಬಾರದ ಹುಡುಗಿ. ಅಪಸ್ವರ ಬಂದು ಅವಮಾನ ಆಗೋದಕ್ಕಿಂತ ಇದು ವಾಸಿ ಅಲ್ಲವೆ? ಸ್ಟೇಜ್ ಮೇಲೆ ಎಷ್ಟು ಚೆನ್ನಾಗಿ ಕಂಡಳು! ಈ ಬಣ್ಣದ ಮುಖ ಒಂದು ಇರಲಿ ಅಂತ ಕಮಿಟಿಯವರೂ ಅಂದಿದ್ದರು."

ಅಂದರೆ ಅಕ್ಕನ ಮುಖ ಬೇಕಿತ್ತು, ಅವಳ ಸಂಗೀತ ಬೇಕಿರಲಿಲ್ಲ.

"ಅವಳಿಗೆ ಬರೋದಿಲ್ಲ ಅಂತ ನಿನಗೆ ಹೇಳಿದವರು ಯಾರು?" ಅಜ್ಜಿ ಕೇಳಿದಳು. ಅಪ್ಪ ಹೇಳಿದರು, "ಈಗ ಅವಳು ನುಡಿಸಲಿ. ಒಂದೇ ಹಾಡು."

"ಟೈಮ್ ಇಲ್ಲ. ಮೈಕು ನೆಲದ ತನಕ ಬಗ್ಗೋದಿಲ್ಲ. ಸಾರಿ," ಅಂದ ಅವನು. ಚಾಕಲೇಟ್ ಡಬ್ಬಿಯನ್ನು ಅಕ್ಕನ ಪಕ್ಕದ ಕುರ್ಚಿಯ ಮೇಲಿಟ್ಟು ಹೋದ. ಅಪ್ಪ ಕಣ್ಣು ಒರೆಸಿಕೊಂಡು, "ಬಾ ಮಗಾ, ಮನಿಗ್ ಹೋಪ" ಅಂದರು. ಅಕ್ಕ ಹಸಿರು ರಿಬ್ಬನ್ ಬಿಚ್ಚತೊಡಗಿದಳು.

"ಯಾರೂ ಎಲ್ಲಿಗೂ ಹೋಗೋದಿಲ್ಲ," ಅಂದಳು ಅಜ್ಜಿ. ತನ್ನ ಪೆಟ್ಟಿಗೆ ತೆರೆದು, ಪಿಟೀಲನ್ನು ಒಳಗೇ ಬಿಟ್ಟು, ಕಮಾನನ್ನು ಮಾತ್ರ ತೆಗೆದಳು. ಅದಕ್ಕೆ ರಾಳ ಉಜ್ಜಿ ಅಕ್ಕನ ಕೈಗೆ ಕೊಟ್ಟಳು.

ಎರಡನೇ ಭಾಗದಲ್ಲಿ ಅಜ್ಜಿಯ ಹೆಸರು ಕೂಗಿದರು. ಸ್ಟೇಜಿನ ನಡುವೆ ಅವಳಿಗಾಗಿ ಒಂದು ಕುರ್ಚಿ, ಅದರ ಮುಂದೆ ಮೈಕು. ಅಜ್ಜಿ ಅಕ್ಕನ ಕೈ ಹಿಡಿದುಕೊಂಡು ಬಂದಳು. ತಾನು ಬರಿಗೈಯಲ್ಲಿ ಕುರ್ಚಿಯ ಮೇಲೆ ಕೂತಳು. ಅಕ್ಕ ಅವಳ ಕಾಲಬುಡದಲ್ಲಿ, ಹಲಗೆಯ ಮೇಲೆ, ಮನೆಯಲ್ಲಿ ಕೂರುವ ಹಾಗೇ ಕೂತಳು. ಹಾಲ್‌ನಲ್ಲಿ ಗುಸುಗುಸು. ಪರದೆಯ ಅಂಚಿನಲ್ಲಿ ಆ ಮನುಷ್ಯ ಕೈ ಆಡಿಸುತ್ತಾ ಬೇಡ ಬೇಡ ಅನ್ನುತ್ತಿದ್ದ. ಅಜ್ಜಿ ಆ ಕಡೆ ನೋಡಲೇ ಇಲ್ಲ.

ಅವಳು ಬಾಯಲ್ಲಿ ಒಂದು ಜಿಗ್ ಶುರುಮಾಡಿದಳು, ಅಡುಗೆಮನೆಯಲ್ಲಿ ಮಾಡುತ್ತಿದ್ದ ಹಾಗೇ. ಅಕ್ಕ ಸೇರಿಕೊಂಡಳು. ಆದರೆ ಮೈಕು ಅಜ್ಜಿಯ ಬಾಯಿಯ ಮಟ್ಟದಲ್ಲಿತ್ತು. ನಮಗೆ ಮುಂದಿನವರಿಗೆ ಪಿಟೀಲು ಕೇಳುತ್ತಿತ್ತು, ಹಿಂದಿನವರಿಗೆ ಬರೀ ಮುದುಕಿಯ ಡಿಡ್ಲಿ ಡಮ್. ಯಾರೋ ಕಿಸಕ್ಕನೆ ನಕ್ಕರು. ಮೈಕು ಬಗ್ಗಿಸಲು ಯಾರೂ ಬರಲಿಲ್ಲ. ಅಜ್ಜಿ ಹಾಡುತ್ತಲೇ ಎದ್ದು ಮೈಕಿನ ಕಂಬವನ್ನು ಎರಡೂ ಕೈಯಿಂದ ಹಿಡಿದು, ಕಿರ್ರೆನ್ನುವ ಅದರ ತಿರುಪು ಸಡಿಲಿಸಿ, ಕೋಲನ್ನು ಕೆಳಕ್ಕೆ ಇಳಿಸಿ, ಅಕ್ಕನ ಪಿಟೀಲಿನ ಮುಂದೆ ತಂದಿಟ್ಟಳು. ಬಗ್ಗೋದಿಲ್ಲ ಅಂದಿದ್ದನಲ್ಲ, ಸಲೀಸಾಗಿ ಬಗ್ಗಿತು. ಆಮೇಲೆ ಹಾಡುವುದನ್ನು ನಿಲ್ಲಿಸಿ ಸುಮ್ಮನೆ ಕೂತಳು.

ಮೈಕಿನಲ್ಲಿ ಮೊದಲು ಕೇಳಿದ್ದು ಅಕ್ಕನ ಮೊಣಕೈ ಸರಿದ ಸದ್ದು. ಆಮೇಲೆ ಪಿಟೀಲು. ಆ ದೊಡ್ಡ ಹಾಲ್‌ನ ಮಾಡಿನ ತನಕ ಅದೊಂದೇ. ಜಿಗ್ ಮೂರು ಸುತ್ತು ತಿರುಗಿತು. ಕೊನೆಯ ಸುತ್ತಿನಲ್ಲಿ ಅಕ್ಕ ಅಮ್ಮ ಕಲಿಸಿದ ಒಂದು ಗಮಕವನ್ನು ನಡುವೆ ಎಳೆದಳು. ಐರಿಷ್ ಹಾಡಿನಲ್ಲಿ ಅದು ಇರುವಂಥದ್ದಲ್ಲ. ಅಜ್ಜಿ ತಲೆದೂಗಿದಳು. ಭಾನುವಾರ ಬರುತ್ತಿದ್ದ ಬಸ್ ಡ್ರೈವರ್ ಹಿಂದಿನ ಸಾಲಿನಿಂದ "ಹೋ!" ಅಂತ ಕೂಗಿದರು. ಅಪ್ಪ ಮತ್ತೆ ಎದ್ದು ನಿಂತಿದ್ದರು, ಈ ಸಲ ಮಾತಿಲ್ಲದೆ.

ಜನ ಚೆನ್ನಾಗಿಯೇ ಚಪ್ಪಾಳೆ ತಟ್ಟಿದರು. ಹಾಗಂತ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಆ ಮನುಷ್ಯ ಕ್ಷಮೆ ಕೇಳಲಿಲ್ಲ. ಕೊನೆಯಲ್ಲಿ ದೀಪದವರಿಂದ ಹಿಡಿದು ಟೀ ಕೊಟ್ಟವರ ತನಕ ಎಲ್ಲರಿಗೂ ಥ್ಯಾಂಕ್ಸ್ ಹೇಳಿದ, ಅಕ್ಕನ ಹೆಸರು ಬಿಟ್ಟ. ಮುಂದಿನ ವಾರ ನಮ್ಮ ಏರಿಯಾದ ಪೇಪರಿನಲ್ಲಿ ಫೋಟೋ ಬಂತು. ಯಾವುದು ಗೊತ್ತೆ? ಹುಡುಗಿಯರ ಸಾಲಿನದು. ಅಕ್ಕ ಕೊನೆಯಲ್ಲಿ, ಸೋಪಿನ ಕಮಾನು ಎತ್ತಿಕೊಂಡು. ನೋಡಿದವರೆಲ್ಲ ಹೋಟೆಲಿಗೆ ಬಂದು, "ನಿಮ್ಮ ಮಗಳು ಎಷ್ಟು ಚೆನ್ನಾಗಿ ನುಡಿಸ್ತಾಳೆ" ಅಂತ ಅಪ್ಪನಿಗೆ ಹೇಳಿದರು. ಅಪ್ಪ ಪ್ರತಿಯೊಬ್ಬರಿಗೂ ನಿಜ ಸಂಗತಿ ವಿವರಿಸಿದರು. ತವಾದ ಮೇಲಿನ ದೋಸೆ ಸೀದುಹೋದರೂ ಬಿಡಲಿಲ್ಲ. ಸಾರಿ ಹೇಳುವ ಅಭ್ಯಾಸ ಅವರಿಗೆ ಅಲ್ಲಿಂದಾಚೆಗೆ ಬಹಳ ಕಡಿಮೆಯಾಯಿತು.

ಕಾರ್ಯಕ್ರಮದ ಸಂಜೆ ಡ್ಯೂಟಿ ಮುಗಿಸಿ ಬಂದ ಅಮ್ಮನಿಗೆ ಎಲ್ಲ ಹೇಳಿದೆವು. ಅವಳು ಕೋಟು ಕೂಡ ತೆಗೆಯದೆ ಅಡುಗೆಮನೆಯ ಮೇಜಿನ ಮುಂದೆ ಕೂತು, ಹತ್ತಿಗೆ ಸ್ಪಿರಿಟ್ ಹಾಕಿ, ಕಮಾನಿನ ಕೂದಲನ್ನು ಎಳೆ ಎಳೆಯಾಗಿ ಒರೆಸಿದಳು. ಮರಕ್ಕೆ ತಾಗದ ಹಾಗೆ ಇನ್ನೊಂದು ಕೈ ಅಡ್ಡ ಹಿಡಿದಿದ್ದಳು. ಹತ್ತಿ ಬೂದುಬಣ್ಣವಾಗುತ್ತಿತ್ತು, ಬಿಸಾಕಿ ಹೊಸದು ತೆಗೆಯುತ್ತಿದ್ದಳು. ಅಷ್ಟು ಸಿಟ್ಟಿನಿಂದ, ಅಷ್ಟು ಮೆಲ್ಲಗೆ ಯಾರಾದರೂ ಕೆಲಸ ಮಾಡಿದ್ದನ್ನು ನಾನು ಮತ್ತೆ ನೋಡಿಲ್ಲ.

ಕ್ರೋಯ್ಡನ್‌ನಲ್ಲಿರುವ ನಿಮ್ಮ ದೊಡ್ಡಜ್ಜಿಯೇ ಆ ಅಕ್ಕ. ಅವಳನ್ನು ಕೇಳಿದರೆ ನಕ್ಕು, "ಅದೆಲ್ಲ ಯಾವಾಗಲೋ ಮುಗೀತು, ಬಿಡೋ" ಅನ್ನುತ್ತಾಳೆ. ಅವಳು ಬಿಟ್ಟಿರಬಹುದು. ನಾನು ಬಿಟ್ಟಿಲ್ಲ.

ಈಗ ನಿಮ್ಮ ಕಾಲ. ಐರಿಷ್ ಸಂಗೀತದ ದೊಡ್ಡ ದೊಡ್ಡ ಶೋಗಳಿಗೆ ನೀವೇ ನನ್ನನ್ನು ಕರೆದುಕೊಂಡು ಹೋಗುತ್ತೀರಿ. ಹೊಗೆ ಏಳುತ್ತದೆ, ನೀಲಿ ದೀಪ ತಿರುಗುತ್ತದೆ, ಕುರ್ಚಿಯೇ ಅದುರುವಂತೆ ಸದ್ದು ಬರುತ್ತದೆ. ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರಲ್ಲಿ ಎಷ್ಟು ಸದ್ದು ಅಲ್ಲಿ ನಿಂತವರದು, ಎಷ್ಟು ಮೊದಲೇ ರೆಕಾರ್ಡ್ ಮಾಡಿಟ್ಟದ್ದು ಅಂತ ಕೇಳಿದರೆ, "ಅಜ್ಜ, ಎವ್ರಿವನ್ ಯೂಸಸ್ ಎ ಟ್ರ್ಯಾಕ್" ಅನ್ನುತ್ತೀರಿ. ಎಲ್ಲರೂ ಮಾಡುತ್ತಾರೆ ಅಂತ ಆ ಮಖಮಲ್ಲು ಕೋಟಿನವನೂ ಅಂದುಕೊಂಡಿದ್ದ.

ಕಳೆದ ತಿಂಗಳು ಕೊಲಿಂಡೇಲ್‌ನ ನಿಮ್ಮ ಶಾಲೆಯಲ್ಲಿ, ನಿಮ್ಮಲ್ಲಿ ದೊಡ್ಡವಳು ತಗಡಿನ ಕೊಳಲು ಊದುವ ದಿನ, ನಾನು ನೆಟ್ಟಗೆ ಹಿಂದಿನ ಸೌಂಡ್ ಟೇಬಲ್ಲಿನ ಹತ್ತಿರ ಹೋದೆ. ಅಲ್ಲೊಬ್ಬ ತರುಣ ಗುಂಡಿಗಳ ಮುಂದೆ ಕೂತಿದ್ದ. ಅವಳ ಮೈಕು ಆನ್ ಇದೆಯಾ ಅಂತ ಕೇಳಿದೆ. ಅವನು ಒಳ್ಳೆಯ ಹುಡುಗ, ಹೆಡ್‌ಫೋನ್ ತೆಗೆದು ನನ್ನ ತಲೆಗೆ ಹಾಕಿದ. ಅವಳು ಸ್ಟೇಜ್ ಮೇಲೆ ತಯಾರಿಗೆ ಊದುತ್ತಿದ್ದದ್ದು, ಉಸಿರು ಎಳೆದುಕೊಳ್ಳುವುದು ಸಹ ಕೇಳಿಸಿತು. "ಚಿಂತೆ ಬೇಡ, ತಪ್ಪಿದರೆ ಟ್ರ್ಯಾಕ್ ಅದನ್ನು ಮುಚ್ಚಿಬಿಡುತ್ತೆ. ಸಣ್ಣವರ ಮೈಕು ನಾನು ಕಡಿಮೆ ಇಟ್ಟಿರ್ತೀನಿ," ಅಂದ.

ನನ್ನ ದನಿ ಏರಿತು. ಏರಿತು ಅಂತ ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ಅವಳೇ ಸ್ಟೇಜಿನಿಂದ ಇಳಿದು ಓಡಿ ಬಂದಳು. "ಅಜ್ಜ, ಪ್ಲೀಸ್! ದಿಸ್ ಈಸ್ ಸೋ ಎಂಬರಾಸಿಂಗ್," ಅಂದಳು. ಆಮೇಲೆ ಆ ಹುಡುಗನ ಕಡೆ ತಿರುಗಿ, ತನ್ನ ಮೈಕಿನ ದನಿ ಇಳಿಸಬೇಡಿ ಅಂತ ಕೇಳಿಕೊಂಡಳು, "ಬಟ್ ಕುಡ್ ಯು ಲೀವ್ ಮೈನ್ ಅಪ್?"

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಒಂದು ಗುಂಡಿಯನ್ನು ಮೇಲಕ್ಕೆ ತಳ್ಳಿದ. ಕಾರ್ಯಕ್ರಮದಲ್ಲಿ ಹಾಡು ಅರ್ಧಕ್ಕೆ ಬಂದಾಗ ಅವಳು ಒಂದು ಸ್ವರ ತಪ್ಪಿದಳು. ಇಡೀ ಹಾಲ್‌ಗೆ ಕೇಳಿಸಿತು. ಕಿವಿಯ ತನಕ ಕೆಂಪಾದಳು, ಕೊಳಲು ಮಾತ್ರ ಬಾಯಿಂದ ತೆಗೆಯಲಿಲ್ಲ.